ಅಕ್ಷರಗಳ ಚಕ್ಕುಬಂದಿ

1977ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಮೆರಿಕದ ಪೇಟೆಂಟ್ ಕಚೇರಿಗೆ ಒಂದು ಅರ್ಜಿ ಸಲ್ಲಿಸಿದರು. ಇಲಿಯ ಮೇದೋಜ್ಜೀರಕದಲ್ಲಿ ಇನ್ಸುಲಿನ್ ತಯಾರಾಗುವಾಗ ಜೀವಕೋಶ ಬಳಸುವ ಸಂದೇಶವಾಹಕ ಆರ್‌ಎನ್‌ಎಯಿಂದ ಅವರು ಡಿಎನ್‌ಎ ಪ್ರತಿಯೊಂದನ್ನು ತೆಗೆದು, ಅದನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೆಳೆಸಿ, ಅದರ ಅಕ್ಷರಗಳನ್ನು ಒಂದೊಂದಾಗಿ ಓದಿ ಬರೆದುಕೊಂಡಿದ್ದರು. ಡಿಎನ್‌ಎ ಓದುವ ವಿದ್ಯೆ ಆಗಷ್ಟೇ ಕೈಹತ್ತುತ್ತಿದ್ದ ಕಾಲದಲ್ಲಿ ಅದು ಸಣ್ಣ ಕೆಲಸವಲ್ಲ. ಅರ್ಜಿಯಲ್ಲಿ ಇದ್ದದ್ದು ಇಲಿಯ ಸರಣಿ. ಆದರೆ ಮುಂದೆ ಅದರಿಂದ ಹುಟ್ಟಿದ ಪೇಟೆಂಟಿನ ಹಕ್ಕುಕೋರಿಕೆಗಳು ಇಲಿಯಲ್ಲೇ ನಿಲ್ಲಲಿಲ್ಲ. ಬೆನ್ನುಮೂಳೆಯುಳ್ಳ ಎಲ್ಲ ಪ್ರಾಣಿಗಳ, ಎಲ್ಲ ಸಸ್ತನಿಗಳ, ಕಡೆಗೆ ಮನುಷ್ಯನ ಇನ್ಸುಲಿನ್ ಡಿಎನ್‌ಎವರೆಗೂ ಅವು ಚಾಚಿಕೊಂಡವು. ಮನುಷ್ಯನ ಸರಣಿ ಆ ವಿಜ್ಞಾನಿಗಳಿಗೆ ಸಿಕ್ಕಿದ್ದು ಅರ್ಜಿ ಹಾಕಿ ಸುಮಾರು ಎರಡು ವರ್ಷ ಕಳೆದ ಮೇಲೆ. ಮಾನವ ಇನ್ಸುಲಿನ್ ಮಾರುತ್ತಿದ್ದ ಈಲೈ ಲಿಲಿ ಕಂಪನಿಯ ಮೇಲೆ ವಿಶ್ವವಿದ್ಯಾಲಯ ದಾವೆ ಹೂಡಿತು. ವ್ಯಾಜ್ಯ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ, 1997ರ ಜುಲೈಯಲ್ಲಿ ತೀರ್ಪು ಬಂತು. ಅದರ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟೇ: ಇಲಿಯ ಸರಣಿಯೊಂದನ್ನು ಬರೆದು ಕೊಟ್ಟ ಮಾತ್ರಕ್ಕೆ ಸಸ್ತನಿ ಕುಲವನ್ನೆಲ್ಲ ವರ್ಣಿಸಿದಂತಾಗಲಿಲ್ಲ; ಮನುಷ್ಯನದನ್ನು ಬರೆಯದೆ ಮನುಷ್ಯನದನ್ನು ಕೇಳುವಂತಿಲ್ಲ.

ಪೇಟೆಂಟ್ ಎಂದರೆ ಸಮಾಜಕ್ಕೂ ಸಂಶೋಧಕರಿಗೂ ನಡುವಿನ ಒಂದು ಕರಾರು. ಸಂಶೋಧಕರು ತಾವು ಕಂಡುಹಿಡಿದದ್ದನ್ನು ಮುಚ್ಚುಮರೆಯಿಲ್ಲದೆ ಬರೆದು ಕೊಡಬೇಕು. ಪ್ರತಿಯಾಗಿ ಸಮಾಜ ಅವರಿಗೆ 20 ವರ್ಷಗಳ ಏಕಸ್ವಾಮ್ಯ ಕೊಡುತ್ತದೆ. ಯಂತ್ರಕ್ಕಾದರೆ ನಕ್ಷೆ ಸಾಕು, ರಾಸಾಯನಿಕಕ್ಕಾದರೆ ಸೂತ್ರ ಸಾಕು. ಜೀನ್ ಮತ್ತು ಪ್ರೋಟೀನುಗಳ ಮಟ್ಟಿಗೆ ಆ ಸ್ಥಾನದಲ್ಲಿ ನಿಲ್ಲುವುದು ಸರಣಿ: ಡಿಎನ್‌ಎಯ ನಾಲ್ಕು ಅಕ್ಷರಗಳ ಅಥವಾ ಪ್ರೋಟೀನಿನ 20 ಅಮೈನೊ ಆಮ್ಲಗಳ ಕ್ರಮಬದ್ಧ ಬರವಣಿಗೆ. ಜಮೀನಿನ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುತ್ತಾರಲ್ಲ, ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಎಂದು. ಜೈವಿಕ ತಂತ್ರಜ್ಞಾನದ ಪೇಟೆಂಟಿನಲ್ಲಿ ಸರಣಿ ಮಾಡುವ ಕೆಲಸ ಅದೇ. ಏನನ್ನು ಕೊಟ್ಟಿದ್ದಾರೆ ಎಂಬುದನ್ನೂ ಎಲ್ಲಿಯವರೆಗೆ ಕೇಳಬಹುದು ಎಂಬುದನ್ನೂ ಅದೊಂದೇ ತೋರಿಸುತ್ತದೆ. ಸರಣಿ ಪಟ್ಟಿಯನ್ನು ಕಡತದ ಹಿಂದೆ ಲಗತ್ತಿಸುವ ಕಾಗದವೆಂದು ನೋಡುವ ಅಭ್ಯಾಸ ವಕೀಲರಲ್ಲೂ ಇದೆ, ವಿಜ್ಞಾನಿಗಳಲ್ಲೂ ಇದೆ. ಈ ಅಧ್ಯಾಯದ ವಾದ ಅದಕ್ಕೆ ವಿರುದ್ಧವಾದದ್ದು. ಆ ಪಟ್ಟಿಯೇ ಕರಾರಿನಲ್ಲಿ ಸಮಾಜದ ಪಾಲು. ಅದು ಪೂರ್ತಿಯಾಗಿರಬೇಕು, ಯಾರು ಬೇಕಾದರೂ ಹುಡುಕಿ ತೆಗೆಯುವಂತಿರಬೇಕು, ಮತ್ತು ಹಕ್ಕುಕೋರಿಕೆ ಅದರಿಂದ ಬಹುದೂರ ಹೋಗಬಾರದು.

ಇಲಿಯ ಇನ್ಸುಲಿನ್ ಗೊತ್ತಿದ್ದ ಮೇಲೆ ಮನುಷ್ಯನದನ್ನು ಊಹಿಸಲಾಗದೆ? ಮಾನವ ಇನ್ಸುಲಿನ್ನಿನ ಅಮೈನೊ ಆಮ್ಲಗಳ ಕ್ರಮ 1977ಕ್ಕಿಂತ ಎಷ್ಟೋ ಮೊದಲೇ ಗೊತ್ತಿತ್ತು. ಹಸುವಿನ ಇನ್ಸುಲಿನ್ನಿನ ಕ್ರಮವನ್ನು ಫ್ರೆಡರಿಕ್ ಸ್ಯಾಂಗರ್ 1950ರ ದಶಕದಲ್ಲೇ ಬಿಡಿಸಿದ್ದರು. ಪ್ರೋಟೀನ್ ಗೊತ್ತಿದ್ದರೆ ಡಿಎನ್‌ಎ ಗೊತ್ತಿದ್ದಂತೆ ಎಂದು ಯಾರಿಗಾದರೂ ಅನ್ನಿಸೀತು. ಇದನ್ನು ಹತ್ತಿರದಿಂದ ನೋಡಬೇಕು. ಇನ್ಸುಲಿನ್ ಎರಡು ಸರಪಳಿಗಳ ಪ್ರೋಟೀನ್. ಎ ಸರಪಳಿಯಲ್ಲಿ 21 ಅಮೈನೊ ಆಮ್ಲಗಳು, ಬಿ ಸರಪಳಿಯಲ್ಲಿ 30. ಮನುಷ್ಯನ ಎ ಸರಪಳಿಯನ್ನು ಏಕಾಕ್ಷರ ಸಂಕೇತದಲ್ಲಿ ಬರೆದರೆ ಹೀಗೆ: ಜಿ-ಐ-ವಿ-ಇ-ಕ್ಯೂ-ಸಿ-ಸಿ-ಟಿ-ಎಸ್-ಐ-ಸಿ-ಎಸ್-ಎಲ್-ವೈ-ಕ್ಯೂ-ಎಲ್-ಇ-ಎನ್-ವೈ-ಸಿ-ಎನ್. ಮೊದಲನೆಯದು ಗ್ಲೈಸೀನ್. ಡಿಎನ್‌ಎಯಲ್ಲಿ ಮೂರು ಮೂರು ಅಕ್ಷರಗಳ ಪದವೊಂದು ಒಂದು ಅಮೈನೊ ಆಮ್ಲವನ್ನು ಸೂಚಿಸುತ್ತದೆ. ಗ್ಲೈಸೀನಿಗೆ ಅಂಥ ಪದಗಳು ನಾಲ್ಕಿವೆ, ಯಾವುದನ್ನು ಬರೆದರೂ ಬರುವುದು ಗ್ಲೈಸೀನೇ. ಎರಡನೆಯ ಐಸೊಲ್ಯೂಸೀನಿಗೆ ಮೂರು, ಮೂರನೆಯ ವ್ಯಾಲೀನಿಗೆ ನಾಲ್ಕು. ಮೊದಲ ಮೂರು ಸ್ಥಾನಗಳಿಗೇ 48 ಬಗೆಯ ಡಿಎನ್‌ಎ ಆಯಿತು. ಸೆರೀನ್ ಮತ್ತು ಲ್ಯೂಸೀನ್‌ಗಳಿಗೆ ಆರಾರು ಪದಗಳಿವೆ, ಈ ಸರಪಳಿಯಲ್ಲಿ ಅವು ಎರಡೆರಡು ಸಲ ಬರುತ್ತವೆ. ಗುಣಿಸುತ್ತಾ ಹೋದರೆ 21ನೆಯ ಸ್ಥಾನ ಮುಟ್ಟುವ ಹೊತ್ತಿಗೆ ಸಿಗುವ ಮೊತ್ತ 305 ಕೋಟಿ 76 ಲಕ್ಷ ದಾಟುತ್ತದೆ. ಒಂದೇ ಒಂದು ಪುಟ್ಟ ಸರಪಳಿಗೆ ಇಷ್ಟು ಸಾಧ್ಯ ಡಿಎನ್‌ಎಗಳು. ಅವುಗಳಲ್ಲಿ ಮನುಷ್ಯನ ದೇಹ ಬಳಸುವುದು ಯಾವುದು ಎಂಬುದು ಪ್ರೋಟೀನ್ ನೋಡಿದರೆ ತಿಳಿಯುವುದಿಲ್ಲ. ಇಲಿಯದನ್ನು ನೋಡಿದರೂ ತಿಳಿಯುವುದಿಲ್ಲ. ಇಲಿಗೆ ಇನ್ಸುಲಿನ್ ಜೀನ್ ಎರಡು, ನಮಗೆ ಒಂದು. ಹುಡುಕುವ ದಾರಿ ಅರ್ಜಿಯಲ್ಲಿ ಇತ್ತು, ಹುಡುಕಿ ಸಿಕ್ಕ ವಸ್ತು ಇರಲಿಲ್ಲ. ನ್ಯಾಯಾಲಯ ಎತ್ತಿ ಹಿಡಿದದ್ದು ಈ ವ್ಯತ್ಯಾಸವನ್ನು.

ಈ ತೀರ್ಪಿಗೆ ಆಗಲೂ ಆಕ್ಷೇಪವಿತ್ತು, ಈಗಲೂ ಇದೆ. ಅದರಲ್ಲಿ ಹುರುಳಿರುವ ಒಂದು ಆಕ್ಷೇಪ 1978ರ ಇನ್ನೊಂದು ಸಾಧನೆಯಿಂದ ಬರುತ್ತದೆ. ಆ ವರ್ಷ ಸಿಟಿ ಆಫ್ ಹೋಪ್ ಸಂಸ್ಥೆಯ ಕೈಯಿಚಿ ಇಟಾಕುರಾ ಮತ್ತು ಆರ್ಥರ್ ರಿಗ್ಸ್, ಜೆನೆಂಟೆಕ್ ಕಂಪನಿಯ ವಿಜ್ಞಾನಿಗಳೊಂದಿಗೆ ಸೇರಿ, ಮಾನವ ಇನ್ಸುಲಿನ್ನಿನ ಎರಡೂ ಸರಪಳಿಗಳಿಗೆ ಡಿಎನ್‌ಎಯನ್ನು ರಾಸಾಯನಿಕವಾಗಿ ಕಟ್ಟಿ ಬ್ಯಾಕ್ಟೀರಿಯಾದಲ್ಲಿ ಇನ್ಸುಲಿನ್ ಬೆಳೆದರು. 1982ರಲ್ಲಿ ಹ್ಯೂಮುಲಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು ಈ ದಾರಿಯ ಇನ್ಸುಲಿನ್. ಅವರಿಗೆ ಮನುಷ್ಯನ ಜೀನಿನ ಸರಣಿ ಬೇಕಾಗಲೇ ಇಲ್ಲ. ಪ್ರೋಟೀನಿನ ಕ್ರಮ ಹಿಡಿದು, ಬ್ಯಾಕ್ಟೀರಿಯಾಕ್ಕೆ ಒಗ್ಗುವ ಪದಗಳನ್ನು ತಾವೇ ಆರಿಸಿ ಬರೆದರು. ಹಾಗಿದ್ದಮೇಲೆ ಪ್ರೋಟೀನಿನ ವಿವರಣೆ ಸಾಲದು ಎನ್ನುವುದು ಹೇಗೆ ಎಂಬುದು ಪ್ರಶ್ನೆ. ಗಮನಿಸಬೇಕಾದದ್ದು, ಅವರು ಕೋಟಿಗಟ್ಟಲೆ ಸಾಧ್ಯತೆಗಳಲ್ಲಿ ಒಂದನ್ನು ಆರಿಸಿ, ಅಕ್ಷರ ಅಕ್ಷರವಾಗಿ ನಿರ್ಧರಿಸಿ, ಕಟ್ಟಿ ತೋರಿಸಿದರು. ಅವರ ಕೈಯಲ್ಲಿದ್ದದ್ದು ಆ ಒಂದು. ಮಿಕ್ಕವೆಲ್ಲ ತಮ್ಮವೆಂದು ಹೇಳಲು ಅದು ಆಧಾರವಾಗುವುದಿಲ್ಲ. ಪ್ರಕೃತಿಯಲ್ಲಿರುವ ನಿಜವಾದ ಜೀನ್ ತಮ್ಮದೆಂದು ಹೇಳಲಂತೂ ಆಗುವುದೇ ಇಲ್ಲ. ಜೆನೆಂಟೆಕ್ಕಿನ ಉದಾಹರಣೆ ಆ ತೀರ್ಪನ್ನು ಅಲುಗಾಡಿಸುವ ಬದಲು ಗಟ್ಟಿ ಮಾಡುತ್ತದೆ ಎಂದೇ ನನ್ನ ಎಣಿಕೆ.

ಇಂದು ಪ್ರೋಟೀನಿನಿಂದ ಡಿಎನ್‌ಎ ಬರೆಯುವುದು ಕಂಪ್ಯೂಟರಿಗೆ ಕ್ಷಣದ ಕೆಲಸ, ಬರೆದದ್ದನ್ನು ಜೀನ್ ತಯಾರಿಸುವ ಕಂಪನಿಗೆ ಕಳಿಸಿದರೆ ಕೆಲವೇ ದಿನಗಳಲ್ಲಿ ಅಂಚೆಯಲ್ಲಿ ಬರುತ್ತದೆ. ಇದರಿಂದ ಸರಣಿಯ ಮಹತ್ವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ, ಏಕೆಂದರೆ ಈಗ ಪೇಟೆಂಟಿನಲ್ಲಿರುವ ಅಕ್ಷರಗಳನ್ನು ನಕಲು ಮಾಡಿದವರಿಗೆ ವಸ್ತುವೇ ಸಿಕ್ಕಿದಂತೆ. ಅಕ್ಷರಗಳು ಸರಿಯಾಗಿರಬೇಕು, ಒಂದೇ ಬಗೆಯಲ್ಲಿ ಬರೆದಿರಬೇಕು ಎಂಬ ಹಟಕ್ಕೆ ಇದರಿಂದ ಬಲ ಬಂತು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೊ, ಇದಕ್ಕೆಂದೇ ನಿಯಮಾವಳಿ ಮಾಡಿದೆ. 1998ರಿಂದ ಜಾರಿಯಲ್ಲಿದ್ದ ಎಸ್‌ಟಿ.25 ಎಂಬ ನಮೂನೆ ಬರೀ ಪಠ್ಯದ ಕಡತ. ಅದರಲ್ಲಿ ತುಂಬಿದ ಎಷ್ಟೋ ವಿವರ ಜೆನ್‌ಬ್ಯಾಂಕಿನಂಥ ಸಾರ್ವಜನಿಕ ದತ್ತಾಂಶ ಕೋಶಗಳಿಗೆ ಹೋಗುವಾಗ ಸೋರಿಹೋಗುತ್ತಿತ್ತು. 2022ರ ಜುಲೈ 1ರಿಂದ ಅದರ ಜಾಗಕ್ಕೆ ಎಸ್‌ಟಿ.26 ಬಂತು. ಇದು ಎಕ್ಸ್‌ಎಂಎಲ್ ಕಡತ, ಯಂತ್ರ ಓದಲೆಂದೇ ರಚಿಸಿದ್ದು. ಮೇಲೆ ಬರೆದ ಎ ಸರಪಳಿಯನ್ನೇ ಇದರಲ್ಲಿ ಸೇರಿಸಬೇಕೆಂದಿಟ್ಟುಕೊಳ್ಳಿ: ಸರಣಿಗೊಂದು ಕ್ರಮಸಂಖ್ಯೆ, ಉದ್ದ 21, ಅಣುವಿನ ಬಗೆ ಪ್ರೋಟೀನ್, ಜೀವಿ ಹೋಮೊ ಸೇಪಿಯನ್ಸ್, ಆಮೇಲೆ ಅಕ್ಷರಗಳು. ಹತ್ತು ಅಥವಾ ಹೆಚ್ಚು ನಿರ್ದಿಷ್ಟ ನ್ಯೂಕ್ಲಿಯೊಟೈಡ್‌ಗಳಿರುವ, ನಾಲ್ಕು ಅಥವಾ ಹೆಚ್ಚು ನಿರ್ದಿಷ್ಟ ಅಮೈನೊ ಆಮ್ಲಗಳಿರುವ ಸರಣಿಗಳನ್ನು ಪಟ್ಟಿಗೆ ಸೇರಿಸಲೇಬೇಕು. ಅದಕ್ಕಿಂತ ಚಿಕ್ಕವನ್ನು ಸೇರಿಸುವಂತಿಲ್ಲ. ‘ನಿರ್ದಿಷ್ಟ’ ಎಂಬ ಪದ ಇಲ್ಲಿ ಭಾರವಾದದ್ದು. ಡಿಎನ್‌ಎಯಲ್ಲಿ ‘ಎನ್’ ಎಂದು, ಪ್ರೋಟೀನಿನಲ್ಲಿ ‘ಎಕ್ಸ್’ ಎಂದು ಬರೆದರೆ ಯಾವುದಾದರೂ ಇರಬಹುದು ಎಂದು ಅರ್ಥ. ಅಂಥ ಸ್ಥಾನಗಳು ಈ ಎಣಿಕೆಗೆ ಬರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವುದರ ಲೆಕ್ಕಕ್ಕೆ ಹಿಡಿಯದ ಈ ಸಣ್ಣ ನಿಯಮ ಇಡೀ ವ್ಯವಸ್ಥೆಯ ತಿರುಳೆಂದು ನನಗೆ ತೋರುತ್ತದೆ.

ಅಕ್ಷರ ಮಾತ್ರ ಇದ್ದರೆ ಸಾಲದು ಎಂಬುದಕ್ಕೂ ಇಲ್ಲೇ ಸಾಕ್ಷಿಯಿದೆ. ಎಸ್‌ಟಿ.26ರಲ್ಲಿ ಆರ್‌ಎನ್‌ಎಯನ್ನು ಬರೆಯುವಾಗಲೂ ‘ಯು’ ಅಕ್ಷರವಿಲ್ಲ, ಅದರ ಜಾಗದಲ್ಲಿ ‘ಟಿ’ಯನ್ನೇ ಬಳಸುತ್ತಾರೆ. ಕೋವಿಡ್ ವಿರುದ್ಧದ ಫೈಝರ್ ಮತ್ತು ಮಾಡರ್ನಾ ಲಸಿಕೆಗಳ ಎಂಆರ್‌ಎನ್‌ಎಯಲ್ಲಿ ಯುರಿಡೀನ್ ಇರಬೇಕಾದ ಕಡೆ ಎನ್1-ಮೀಥೈಲ್ ಸೂಡೊಯುರಿಡೀನ್ ಎಂಬ ಮಾರ್ಪಡಿಸಿದ ಅಣು ಇದೆ. ಹೊರಗಿನಿಂದ ಬಂದ ಆರ್‌ಎನ್‌ಎ ಎಂದು ದೇಹ ಅಬ್ಬರಿಸದಂತೆ ಕಾಯುವುದು ಇಂಥ ಮಾರ್ಪಾಡು. ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರಿಗೆ 2023ರ ನೊಬೆಲ್ ಬಂದದ್ದು ನ್ಯೂಕ್ಲಿಯೊಸೈಡ್ ಮಾರ್ಪಾಡಿನ ಆ ಸಂಶೋಧನೆಗೆ. ಬರೀ ‘ಟಿ’ ಎಂದು ಬರೆದು ಬಿಟ್ಟರೆ ಇದು ಎಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ಮಾರ್ಪಡಿಸಿದ ಪ್ರತಿ ಸ್ಥಾನಕ್ಕೂ ಟಿಪ್ಪಣಿ ಬರೆಯಬೇಕೆಂದು ನಿಯಮ ಹೇಳುತ್ತದೆ. ಹಳೆಯ ನಮೂನೆಯಲ್ಲಿ ಹೊರಗೇ ಉಳಿಯುತ್ತಿದ್ದ ಡಿ-ಅಮೈನೊ ಆಮ್ಲಗಳು, ಕವಲೊಡೆದ ಸರಪಳಿಗಳ ನೇರ ಭಾಗಗಳು ಹೊಸದರಲ್ಲಿ ಒಳಗೆ ಬಂದಿವೆ. ಔಷಧ ರಸಾಯನಶಾಸ್ತ್ರ ಹೋದಲ್ಲಿಗೆ ಬರವಣಿಗೆಯ ನಿಯಮವೂ ಹೋಗಬೇಕಾಯಿತು.

ಇಷ್ಟೆಲ್ಲ ಬರೆದ ಮೇಲೆ ಹಕ್ಕು ಎಲ್ಲಿಗೆ ನಿಲ್ಲಬೇಕು? ಈ ಪ್ರಶ್ನೆಗೆ ಈಚಿನ ಅತಿ ದೊಡ್ಡ ಉತ್ತರ ಕೊಲೆಸ್ಟರಾಲ್ ಔಷಧವೊಂದರ ವ್ಯಾಜ್ಯದಲ್ಲಿ ಸಿಕ್ಕಿತು. ಯಕೃತ್ತಿನ ಜೀವಕೋಶಗಳ ಮೇಲ್ಮೈಯಲ್ಲಿ ರಕ್ತದಿಂದ ಕೆಟ್ಟ ಕೊಲೆಸ್ಟರಾಲನ್ನು ಹಿಡಿದು ಒಳಗೆಳೆಯುವ ಗ್ರಾಹಕಗಳಿವೆ. ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಈ ಗ್ರಾಹಕಗಳಿಗೆ ಅಂಟಿಕೊಂಡು ಅವು ನಾಶವಾಗುವಂತೆ ಮಾಡುತ್ತದೆ. ಅದು ಅಂಟುವ ಜಾಗಕ್ಕೆ ಪ್ರತಿಕಾಯವೊಂದನ್ನು ಅಡ್ಡ ಕೂರಿಸಿದರೆ ಗ್ರಾಹಕಗಳು ಉಳಿಯುತ್ತವೆ, ಕೊಲೆಸ್ಟರಾಲ್ ಇಳಿಯುತ್ತದೆ. ಆಮ್ಜೆನ್ ಕಂಪನಿ ರೆಪಾಥಾ, ಸನೋಫಿ ಮತ್ತು ರಿಜೆನೆರಾನ್ ಸೇರಿ ಪ್ರಾಲುಯೆಂಟ್ ಎಂಬ ಪ್ರತಿಕಾಯ ಔಷಧಗಳನ್ನು ತಯಾರಿಸಿದವು. 2011ರಲ್ಲಿ ಎರಡೂ ಕಡೆಯವರು ತಮ್ಮ ತಮ್ಮ ಪ್ರತಿಕಾಯವನ್ನು ಅಮೈನೊ ಆಮ್ಲಗಳ ಸರಣಿಯಿಂದ ಗುರುತಿಸಿ ಪೇಟೆಂಟ್ ಪಡೆದರು. ಆ ಎರಡು ಪೇಟೆಂಟುಗಳ ಬಗ್ಗೆ ಸುಪ್ರೀಂ ಕೋರ್ಟಿನ ಮುಂದೆ ಯಾವ ತಕರಾರೂ ಇರಲಿಲ್ಲ. ಸರಣಿಗಳು ಬೇರೆ, ಎಲ್ಲೆಗಳು ಸ್ಪಷ್ಟ. ತಕರಾರು ಶುರುವಾದದ್ದು 2014ರಲ್ಲಿ ಆಮ್ಜೆನ್ ಪಡೆದ ಇನ್ನೆರಡು ಪೇಟೆಂಟುಗಳಿಂದ. ಅವುಗಳಲ್ಲಿ ಕೇಳಿದ್ದು ಯಾವುದೋ ಸರಣಿಯನ್ನಲ್ಲ. ಪಿಸಿಎಸ್‌ಕೆ9ರ ಗೊತ್ತಾದ ಜಾಗಗಳಿಗೆ ಅಂಟಿ ಅದನ್ನು ತಡೆಯುವ ಎಲ್ಲ ಪ್ರತಿಕಾಯಗಳನ್ನೂ. ಬರೆದು ಕೊಟ್ಟ ಸರಣಿಗಳು 26. ಆ ಕೆಲಸ ಮಾಡಬಲ್ಲ ಪ್ರತಿಕಾಯಗಳು ಲಕ್ಷ ಲಕ್ಷ ಇರಬಹುದೆಂದು ಎದುರಾಳಿಗಳು ವಾದಿಸಿದರು. ಉಳಿದವನ್ನು ಪಡೆಯುವುದು ಹೇಗೆ ಎಂಬುದಕ್ಕೆ ಆಮ್ಜೆನ್ ಕೊಟ್ಟ ದಾರಿ ಎರಡು: ಹೊಸ ಪ್ರತಿಕಾಯಗಳನ್ನು ಹುಟ್ಟಿಸಿ ಪರೀಕ್ಷಿಸುವುದು, ಇಲ್ಲವೇ ಗೊತ್ತಿರುವುದರಲ್ಲಿ ಒಂದೊಂದು ಅಮೈನೊ ಆಮ್ಲ ಬದಲಿಸಿ ಪರೀಕ್ಷಿಸುವುದು. 2023ರ ಮೇ 18ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ವಿಶಾಲ ಹಕ್ಕುಕೋರಿಕೆಗಳನ್ನು ತಳ್ಳಿಹಾಕಿತು. ತೀರ್ಪು ಬರೆದ ನ್ಯಾಯಮೂರ್ತಿ ನೀಲ್ ಗೊರ್ಸಚ್, 26 ಪ್ರತಿಕಾಯಗಳ ವಿವರಣೆಯಲ್ಲಿ ಕೊರತೆ ಕಾಣಲಿಲ್ಲ. ಕೊರತೆ ಕಂಡದ್ದು ಮಿಕ್ಕವುಗಳಲ್ಲಿ: ಮಾಡಿ ನೋಡಿ, ಸಿಕ್ಕಿದರೆ ಸಿಕ್ಕಿತು ಎನ್ನುವುದು ಬೋಧನೆಯಾಗುವುದಿಲ್ಲ. 19ನೇ ಶತಮಾನದಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ವಿದ್ಯುತ್ತಿನಿಂದ ದೂರಕ್ಕೆ ಅಕ್ಷರ ಮುದ್ರಿಸುವ ಎಲ್ಲ ಬಗೆಗಳನ್ನೂ ತನ್ನದೆಂದು ಕೇಳಿ ಸೋತಿದ್ದ ಪ್ರಕರಣವನ್ನು ಈ ತೀರ್ಪು ಮತ್ತೆ ಎದುರಿಗಿಟ್ಟಿತು. ಕೆಲಸವನ್ನು ಹೆಸರಿಸುವುದು ಬೇರೆ, ಅದನ್ನು ಮಾಡುವ ವಸ್ತುವನ್ನು ತೋರಿಸುವುದು ಬೇರೆ ಎಂಬ ನೆಲೆ ತಂತಿ ಯಂತ್ರಕ್ಕೂ ಪ್ರತಿಕಾಯಕ್ಕೂ ಒಂದೇ.

ಉದ್ಯಮದ ಕಡೆಯಿಂದ ಬರುವ ಪ್ರಬಲ ಆಕ್ಷೇಪ ಇದು: ಬರೆದ ಸರಣಿಗೇ ಹಕ್ಕನ್ನು ಕಟ್ಟಿಹಾಕಿದರೆ ಎದುರಾಳಿ ಒಂದೇ ಒಂದು ಅಮೈನೊ ಆಮ್ಲ ಬದಲಿಸಿ ಪಾರಾಗುತ್ತಾನೆ, ವರ್ಷಗಟ್ಟಲೆ ದುಡಿದವರಿಗೆ ಕೈಗೆ ಬಂದದ್ದು ಬಾಯಿಗೆ ಬರುವುದಿಲ್ಲ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಂದಿಯ ಇನ್ಸುಲಿನ್ ಮನುಷ್ಯನದಕ್ಕಿಂತ ಬೇರೆಯಾಗುವುದು ಬಿ ಸರಪಳಿಯ ತುದಿಯ ಒಂದೇ ಸ್ಥಾನದಲ್ಲಿ, ಹಸುವಿನದು ಮೂರು ಸ್ಥಾನಗಳಲ್ಲಿ. ದಶಕಗಳ ಕಾಲ ಮಧುಮೇಹಿಗಳು ಬದುಕಿದ್ದು ಈ ಪ್ರಾಣಿ ಇನ್ಸುಲಿನ್ನುಗಳಿಂದ. ಅಕ್ಷರ ಬದಲಾದರೂ ಕೆಲಸ ಉಳಿಯಬಲ್ಲದು. ಆದರೆ ಹಿಮೊಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದರೆ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಚಿಕೊಳ್ಳುತ್ತದೆ. ಅಲ್ಲಿಯೂ ಬದಲಾದದ್ದು ಒಂದೇ. ಯಾವ ಬದಲಾವಣೆ ನಿರಪಾಯ, ಯಾವುದು ಮಾರಕ ಎಂಬುದನ್ನು ಮಾಡಿ ನೋಡದೆ ಖಚಿತವಾಗಿ ಹೇಳಲಾಗದು ಎಂಬುದೇ ಜೀವರಸಾಯನದ ಪಾಠ. ಹಾಗಾಗಿ ‘ಈ ಸರಣಿಗೆ ಶೇ 90 ಹೋಲುವ ಎಲ್ಲವೂ’ ಎಂಬ ಪರಿಚಿತ ಹಕ್ಕುಕೋರಿಕೆಯನ್ನು ಲೆಕ್ಕ ಹಾಕಿ ನೋಡಬೇಕು. 300 ಅಮೈನೊ ಆಮ್ಲಗಳ ಪ್ರೋಟೀನಿನಲ್ಲಿ ಶೇ 10 ಎಂದರೆ 30 ಸ್ಥಾನ. ಯಾವ 30 ಎಂಬುದನ್ನು ಆರಿಸುವ ಬಗೆಗಳನ್ನೂ, ಪ್ರತಿ ಸ್ಥಾನದಲ್ಲಿ ಇನ್ನುಳಿದ 19ರಲ್ಲಿ ಒಂದನ್ನು ಕೂರಿಸುವ ಬಗೆಗಳನ್ನೂ ಗುಣಿಸಿದರೆ ಬರುವುದು 80 ಅಂಕಿಗಳ ಸಂಖ್ಯೆ. ಅವುಗಳಲ್ಲಿ ಎಷ್ಟು ಕೆಲಸ ಮಾಡುತ್ತವೆ ಎಂಬುದು ಯಾರಿಗೂ ಗೊತ್ತಿಲ್ಲ. ಪರಿಹಾರ ಇರುವುದು ಮಧ್ಯದಲ್ಲಿ, ಮತ್ತು ಅದು ಪ್ರಯೋಗದ ಮೇಲೆ ನಿಂತಿದೆ. ಪ್ರೋಟೀನಿನ ಯಾವ ಭಾಗ ಬದಲಾದರೂ ನಡೆಯುತ್ತದೆ, ಯಾವುದನ್ನು ಮುಟ್ಟುವಂತಿಲ್ಲ ಎಂದು ಸಾಕಷ್ಟು ರೂಪಾಂತರಗಳನ್ನು ಮಾಡಿ ತೋರಿಸಿದವರು ಆ ಮಟ್ಟಿಗೆ ಅಗಲವಾಗಿ ಕೇಳಲಿ. ಅಮೆರಿಕದ ನ್ಯಾಯಾಲಯಗಳಲ್ಲಿ, ಹೆಸರಿಗಷ್ಟೇ ಬದಲಾಯಿಸಿದ ನಕಲನ್ನು ಹಿಡಿಯಲು ಸಮಾನತೆಯ ಸಿದ್ಧಾಂತವೂ ಇದೆ. ಎಷ್ಟು ತೋರಿಸಿದರೋ ಅಷ್ಟಕ್ಕೆ ಹಕ್ಕು ಎನ್ನುವುದರಲ್ಲಿ ದುಡಿದವರಿಗೆ ಅನ್ಯಾಯವಿಲ್ಲ. ತೋರಿಸದೆ ಪಡೆದ ಹಕ್ಕು ಮಾತ್ರ ನಾಳೆ ಇನ್ನೂ ಉತ್ತಮ ಪ್ರತಿಕಾಯ ಹುಡುಕುವವರ ಬಾಗಿಲನ್ನು ಮುಚ್ಚುತ್ತದೆ.

ಸಣ್ಣ ಪ್ರಯೋಗಾಲಯಗಳಿಗೆ ಈ ಪಟ್ಟಿ ಹೊರೆ ಎಂಬ ಮಾತೂ ಇದೆ. ಇದಕ್ಕೆ ಉತ್ತರ ಚಿಕ್ಕದು. ವೈಪೊ ತಯಾರಿಸಿದ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಒಂದೇ ನಮೂನೆ ಎಲ್ಲ ದೇಶಗಳ ಕಚೇರಿಗಳಿಗೂ ನಡೆಯುತ್ತದೆ, ಭಾರತದಲ್ಲಿ ಸರಣಿ ಪಟ್ಟಿಯನ್ನು ವಿದ್ಯುನ್ಮಾನ ರೂಪದಲ್ಲೇ ಕೊಡಬೇಕು. ಹೊರೆಯಾಗುವುದು ತಪ್ಪುಗಳು. ಅರ್ಜಿ ಸಲ್ಲಿಸಿದ ಮೇಲೆ ಅದರಲ್ಲಿಲ್ಲದ ಹೊಸ ವಿಷಯ ಸೇರಿಸುವಂತಿಲ್ಲ. ಆದ್ದರಿಂದ ತಪ್ಪಾಗಿ ಬಿದ್ದ ಅಕ್ಷರವನ್ನು ಆಮೇಲೆ ತಿದ್ದುವುದು ಕಷ್ಟ. ಅಕ್ಷರದಲ್ಲಿ ಹಿಡಿಯಲಾಗದ ಸೂಕ್ಷ್ಮಜೀವಿಗಳ ವಿಷಯಕ್ಕೆ ಬೇರೆ ವ್ಯವಸ್ಥೆಯಿದೆ: 1977ರ ಬುಡಾಪೆಸ್ಟ್ ಒಪ್ಪಂದದಂತೆ ಜೀವಿಯ ಮಾದರಿಯನ್ನೇ ಮಾನ್ಯತೆ ಪಡೆದ ಸಂಗ್ರಹಾಲಯದಲ್ಲಿ ಇಡಬಹುದು. ಚಂಡೀಗಢದಲ್ಲಿ ಅಂಥದೊಂದು ಇದೆ.

ಇದಕ್ಕಿಂತ ಗಂಭೀರವಾದದ್ದು ಪಟ್ಟಿಗಳ ಗಾತ್ರದ ಸಮಸ್ಯೆ. ಬೇಕಾದದ್ದು ಒಂದು ಸರಣಿ, ಸೇರಿಸಿದ್ದು ಸಾವಿರಾರು ಎಂಬಂಥ ಅರ್ಜಿಗಳಿವೆ. ಅಮೆರಿಕದ ಕಚೇರಿ 2018ರಿಂದ 300 ಎಂಬಿ ಮೀರಿದ ಪಟ್ಟಿಗಳಿಗೆ ಪ್ರತ್ಯೇಕ ಶುಲ್ಕ ವಿಧಿಸಿದೆ ಎಂದರೆ ಗಾತ್ರ ಊಹಿಸಬಹುದು. ಇದರಲ್ಲಿ ಎರಡು ಸಂಗತಿ ಕಲಸಿಹೋಗುತ್ತವೆ: ಅರ್ಜಿಯಲ್ಲಿ ತೋರಿಸಿದ ಸರಣಿ ಮತ್ತು ಹಕ್ಕು ಕೇಳಿದ ಸರಣಿ. ಮಾನವ ಜೀನುಗಳಲ್ಲಿ ಐದರಲ್ಲಿ ಒಂದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಆಗಿದೆ ಎಂಬ ಮಾತು ಒಂದು ಕಾಲಕ್ಕೆ ಎಲ್ಲೆಡೆ ಹರಡಿತ್ತು. ಅದರ ಮೂಲ 2005ರಲ್ಲಿ ಕೈಲ್ ಜೆನ್ಸನ್ ಮತ್ತು ಫಿಯೋನಾ ಮರ್ರೆ ಪ್ರಕಟಿಸಿದ ಅಧ್ಯಯನ. 23,688 ಜೀನುಗಳಲ್ಲಿ 4,382 ಜೀನುಗಳ ಸರಣಿ ಹಕ್ಕುಕೋರಿಕೆಗಳಲ್ಲಿ ಉಲ್ಲೇಖವಾಗಿದೆ ಎಂದು ಅವರು ಎಣಿಸಿದ್ದರು. ಉಲ್ಲೇಖವೆಲ್ಲ ಒಡೆತನವಾಗುವುದಿಲ್ಲ, ಸರಣಿಯನ್ನು ಹೋಲಿಕೆಗೆಂದು, ಪರೀಕ್ಷೆಯ ಸಾಧನವೆಂದು ಹೆಸರಿಸುವುದೂ ಉಂಟು. ಪೇಟೆಂಟುಗಳ ಸರಣಿಗಳನ್ನು ಸಾರ್ವಜನಿಕವಾಗಿ ಹುಡುಕುವ ಸಾಧನವನ್ನು ಕಟ್ಟಿದ ಆಸ್ಟ್ರೇಲಿಯಾದ ಕ್ಯಾಂಬಿಯಾ ಸಂಸ್ಥೆಯ ರಿಚರ್ಡ್ ಜೆಫರ್ಸನ್ ತಂಡ 2013ರಲ್ಲಿ ಈ ಭೇದವನ್ನು ಒತ್ತಿ ಹೇಳಿತು. ಅದೇ ವರ್ಷದ ಜೂನ್ 13ರಂದು, ಸ್ತನ ಕ್ಯಾನ್ಸರಿಗೆ ಸಂಬಂಧಿಸಿದ ಬಿಆರ್‌ಸಿಎ ಜೀನುಗಳ ಮೇಲಿನ ಮಿರಿಯಡ್ ಕಂಪನಿಯ ಪೇಟೆಂಟುಗಳ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ದೇಹದಿಂದ ಬೇರ್ಪಡಿಸಿದ ಮಾತ್ರಕ್ಕೆ ನಿಸರ್ಗದ ಡಿಎನ್‌ಎ ಆವಿಷ್ಕಾರವಾಗುವುದಿಲ್ಲ ಎಂದಿತು. ನಿಸರ್ಗದ ಬರಹವನ್ನು ತೋರಿಸುವುದು ತಪ್ಪಲ್ಲ, ಅದನ್ನು ಸ್ವಂತದ್ದೆನ್ನುವುದು ತಪ್ಪು. ಮೊದಲನೆಯದಕ್ಕೆ ತಡೆ ಹಾಕಿದರೆ ನಷ್ಟ ನಮಗೇ.

ನಷ್ಟ ಯಾವ ಬಗೆಯದು ಎಂಬುದನ್ನು 2018ರ ಒಂದು ಅಧ್ಯಯನ ತೋರಿಸಿಕೊಟ್ಟಿತು. ರಾಬರ್ಟ್ ಬ್ಲಾಸಿಯಾಕ್ ಮತ್ತು ಸಂಗಡಿಗರು ಪೇಟೆಂಟುಗಳಿಂದ ಸಾರ್ವಜನಿಕ ದತ್ತಾಂಶಕ್ಕೆ ಬಂದ ಸರಣಿಗಳನ್ನು ಸೋಸಿ, 862 ಸಮುದ್ರಜೀವಿ ಪ್ರಭೇದಗಳಿಗೆ ಸೇರಿದ 12,998 ಸರಣಿಗಳನ್ನು ಪತ್ತೆ ಮಾಡಿದರು. ಅವುಗಳಲ್ಲಿ ಶೇ 47 ಬಿಎಎಸ್‌ಎಫ್ ಎಂಬ ಒಂದೇ ಕಂಪನಿಯ ಅರ್ಜಿಗಳಿಂದ ಬಂದಿದ್ದವು. ಯಾರಿಗೂ ಸೇರದ ಸಾಗರದ ಜೀವಸಂಪತ್ತಿನ ಮೇಲೆ ಯಾರ ಕಣ್ಣಿದೆ ಎಂಬುದು ಹೀಗೆ ಎಣಿಕೆಗೆ ಸಿಕ್ಕಿದ್ದು, ಪಟ್ಟಿಯಲ್ಲಿ ಜೀವಿಯ ಹೆಸರು ಬರೆಯುವ ಒಂದು ಖಾನೆ ಇದ್ದುದರಿಂದ. ಆದರೆ ಜೀವಿ ಯಾವುದೆಂದು ಹೇಳುವ ಖಾನೆ, ಅದು ಸಿಕ್ಕಿದ್ದು ಯಾವ ನೆಲದಲ್ಲಿ, ಯಾವ ನೀರಿನಲ್ಲಿ ಎಂದು ಹೇಳುವುದಿಲ್ಲ. ಈ ವಿಷಯದಲ್ಲಿ ನಮ್ಮ ಕಾನೂನು ಒಂದು ಹೆಜ್ಜೆ ಮುಂದಿದೆ. ಭಾರತದ ಪೇಟೆಂಟ್ ಕಾಯ್ದೆಯ 10ನೇ ಸೆಕ್ಷನ್, ಆವಿಷ್ಕಾರದಲ್ಲಿ ಬಳಸಿದ ಜೈವಿಕ ವಸ್ತುವಿನ ಮೂಲವನ್ನೂ ಭೌಗೋಳಿಕ ನೆಲೆಯನ್ನೂ ತಿಳಿಸಬೇಕೆನ್ನುತ್ತದೆ. ತಿಳಿಸದಿದ್ದರೆ ಅಥವಾ ತಪ್ಪಾಗಿ ತಿಳಿಸಿದರೆ ಪೇಟೆಂಟ್ ರದ್ದಾಗಲು ಅದೇ ಕಾರಣವಾಗಬಹುದು. ಪಶ್ಚಿಮ ಘಟ್ಟದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಕಿಣ್ವವೊಂದಕ್ಕೆ ಯಾರಾದರೂ ಅರ್ಜಿ ಹಾಕಿದರೆ ಘಟ್ಟದ ಹೆಸರು ಬರಲೇಬೇಕು. 2024ರ ಮೇ 24ರಂದು ವೈಪೊ ಸದಸ್ಯ ರಾಷ್ಟ್ರಗಳು ಅಂಗೀಕರಿಸಿದ ಹೊಸ ಒಪ್ಪಂದವೂ ಆನುವಂಶಿಕ ಸಂಪನ್ಮೂಲ ಬಂದ ದೇಶವನ್ನು ಅರ್ಜಿಯಲ್ಲಿ ಹೇಳಬೇಕೆನ್ನುತ್ತದೆ. ಅಂಥ ಹೇಳಿಕೆ ಕಡತದ ಯಾವುದೋ ಪುಟದಲ್ಲಿ ಹುದುಗಿರುವುದಕ್ಕಿಂತ ಸರಣಿಯ ಪಕ್ಕದಲ್ಲೇ ಕೂತರೆ ಬ್ಲಾಸಿಯಾಕ್ ತಂಡ ಸಮುದ್ರಕ್ಕೆ ಮಾಡಿದ ಎಣಿಕೆಯನ್ನು ಘಟ್ಟಕ್ಕೂ ಮಾಡಬಹುದು.

ಈಗ ಬರುತ್ತಿರುವ ಕಷ್ಟ ಬೇರೆ. ಡೇವಿಡ್ ಬೇಕರ್, ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ತಂದುಕೊಟ್ಟ ಲೆಕ್ಕಾಚಾರದ ವಿದ್ಯೆಗಳು ಪ್ರೋಟೀನಿನ ಆಕಾರವನ್ನು ಅಂದಾಜಿಸುತ್ತವೆ, ಹೊಸ ಪ್ರೋಟೀನುಗಳನ್ನು ವಿನ್ಯಾಸ ಮಾಡುತ್ತವೆ. ಹಿಂದೆ 26 ಪ್ರತಿಕಾಯಗಳ ಸರಣಿ ಬರೆಯಬೇಕಾದರೆ 26 ಪ್ರತಿಕಾಯಗಳು ಕೈಯಲ್ಲಿರಬೇಕಿತ್ತು. ಇನ್ನು ಮುಂದೆ ಪರೀಕ್ಷಾನಳಿಕೆ ಮುಟ್ಟದೆಯೇ 26,000 ಸರಣಿಗಳನ್ನು ಬರೆದು ಪಟ್ಟಿಗೆ ಸೇರಿಸಬಹುದು. ಪ್ರತಿಯೊಂದೂ ನಿಯಮದ ಪ್ರಕಾರ ನಿರ್ದಿಷ್ಟವೇ. ಬರೆದದ್ದಕ್ಕೆ ಹಕ್ಕು ಎಂಬ ನನ್ನ ವಾದ ಇಲ್ಲಿ ತನ್ನ ಕಠಿಣ ಪರೀಕ್ಷೆಯನ್ನು ಎದುರಿಸುತ್ತದೆ. ಬರಹ ಅಗ್ಗವಾದಾಗ ಬರಹದ ಹಿಂದಿರುವ ಕೆಲಸವನ್ನೂ ಕಾಣಿಸುವಂತೆ ಮಾಡಬೇಕು. ಪಟ್ಟಿಯ ಪ್ರತಿ ಸರಣಿಯ ಎದುರು ಎರಡು ಖಾನೆ ಕಡ್ಡಾಯವಾಗಲಿ: ಇದನ್ನು ಪ್ರಯೋಗಾಲಯದಲ್ಲಿ ಮಾಡಿ ಪರೀಕ್ಷಿಸಲಾಗಿದೆಯೇ, ಇದರ ಮೇಲೆ ಹಕ್ಕು ಕೇಳಲಾಗಿದೆಯೇ. ಇವೆರಡನ್ನೂ ಹೇಳಲೇಬೇಕೆಂದು ಈಗಿನ ನಮೂನೆ ಒತ್ತಾಯಿಸುವುದಿಲ್ಲ. ಮೊದಲ ಖಾನೆಗೆ ಅರ್ಜಿದಾರರ ಪ್ರಯೋಗ ಪುಸ್ತಕವೇ ಆಧಾರ. ಸುಳ್ಳು ತುಂಬಿದರೆ ಪೇಟೆಂಟ್ ಹೋಗಬೇಕು, ಭೌಗೋಳಿಕ ನೆಲೆಯನ್ನು ತಪ್ಪಾಗಿ ಹೇಳಿದವರಿಗೆ ನಮ್ಮಲ್ಲಿ ಆಗುವಂತೆ. ಎರಡನೆಯದರ ಬಗ್ಗೆ ಪೇಟೆಂಟ್ ವಕೀಲರು ಹೇಳುವ ತೊಡಕು ನಿಜವಾದದ್ದು: ಪರಿಶೀಲನೆ ನಡೆಯುವ ವರ್ಷಗಳಲ್ಲಿ ಹಕ್ಕುಕೋರಿಕೆಗಳು ತಿದ್ದುಪಡಿಯಾಗುತ್ತಲೇ ಇರುತ್ತವೆ, ಅರ್ಜಿಯ ದಿನ ತುಂಬಿದ ಖಾನೆ ಕೊನೆಗೆ ಸುಳ್ಳಾಗಬಹುದು. ಹಾಗಿದ್ದರೆ ಅದನ್ನು ಅರ್ಜಿದಾರರು ತುಂಬುವುದು ಬೇಡ. ಪೇಟೆಂಟ್ ಮಂಜೂರಾದ ದಿನ ಕಚೇರಿಯೇ ತುಂಬಿ ದತ್ತಾಂಶ ಕೋಶಕ್ಕೆ ಕಳಿಸಲಿ. ಹಕ್ಕುಕೋರಿಕೆಗಳ ಅಂತಿಮ ಪಠ್ಯವೂ ಸರಣಿಗಳ ಕ್ರಮಸಂಖ್ಯೆಗಳೂ ಆಗ ಅದರ ಕೈಯಲ್ಲೇ ಇರುತ್ತವೆ.